ಕುಬಿತ್ಸಾನ ಹೆಬ್ಬೆರಳು, ಎತೆಲಾಳ ಚಂದ್ರ

ಎತೆಲಾ ಪವೆಲ್ಕೋವಾಗೆ ಅರವತ್ನಾಲ್ಕು ವರ್ಷ. ಎರಡು ಮಂಡಿಯೂ ಕೈಕೊಟ್ಟಿವೆ, ಬಾಯಿ ಮಾತ್ರ ಗಟ್ಟಿಮುಟ್ಟಾಗಿದೆ. ಹೊರ್ನಾ ಲೆಹೋಟ್ಕಾದ ಗುಡ್ಡದ ಮೇಲಿನ ವೀಕ್ಷಣಾಲಯದಲ್ಲಿ ನಲವತ್ತು ವರ್ಷದಿಂದ ಅವಳದು ಒಂದೇ ಕೆಲಸ: ಚಂದ್ರನ ಲೆಕ್ಕ. ಯಾವ ದಿನ, ಯಾವ ಕ್ಷಣದಲ್ಲಿ ಚಂದ್ರ ಯಾವ ನಕ್ಷತ್ರದ ಮುಂದೆ ಹಾದು ಅದನ್ನು ಮರೆಮಾಡುತ್ತಾನೆ ಎಂದು ಹೇಳುವ ಕಂಪ್ಯೂಟರ್ ಸೂತ್ರಗಳ ಕಟ್ಟು ಅದು. ಬೇರೆಯವರು ತಮ್ಮ ಪ್ರೋಗ್ರಾಮಿಗೆ ಅದನ್ನು ಸೇರಿಸಿಕೊಂಡರೆ ಸಾಕು, ಆಕಾಶದ ತಾಪತ್ರಯವನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ಕಸುಬಿನವರು ಇಂಥ ಕಟ್ಟಿಗೆ ಲೈಬ್ರರಿ ಅನ್ನುತ್ತಾರೆ. ಪಿಂಚಣಿ ಶುರುವಾಗಿ ಎರಡು ವರ್ಷವಾದರೂ ಎತೆಲಾ ದಿನವೂ ಎಂಟಕ್ಕೆ ಗುಡ್ಡ ಹತ್ತಿ, ಬಾಗಿಲಲ್ಲಿ ಬೂಟು ಬಿಚ್ಚಿ, ಹಸಿರು ಉಣ್ಣೆಯ ಚಪ್ಪಲಿ ಮೆಟ್ಟಿ ಕೂರುತ್ತಾಳೆ. ಮನೆಯಲ್ಲಿದ್ದರೆ ಪಕ್ಕದವಳು ಬಂದು ತನ್ನ ಪಿತ್ತಕೋಶದ ಪುರಾಣ ತೆಗೆಯುತ್ತಾಳೆ. ಚಂದ್ರನಿಗೆ ಆ ಚಾಳಿ ಇಲ್ಲ.

ಆ ವೀಕ್ಷಣಾಲಯಕ್ಕೆ ಹಿಂದೆ ಯಜಮಾನನಾಗಿದ್ದವನು ವೆಂಡೆಲೀನ್ ಕುಬಿತ್ಸಾ. ಈಗ ಎಂಬತ್ತಮೂರು, ಜಂಬ ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ. ವೀಡಿಯೋ ಕ್ಯಾಮೆರಾ ಬರುವವರೆಗೆ ನಕ್ಷತ್ರ ಮರೆಯಾಗುವ ಹೊತ್ತನ್ನು ಹಿಡಿಯುತ್ತಿದ್ದದ್ದು ಮನುಷ್ಯನ ಕಣ್ಣು ಮತ್ತು ಸ್ಟಾಪ್‌ವಾಚು. ದೂರದರ್ಶಕಕ್ಕೆ ಕಣ್ಣಿಟ್ಟು ಕಾಯಬೇಕು, ಚುಕ್ಕಿ ಆರಿದೊಡನೆ ಗುಂಡಿ ಒತ್ತಬೇಕು. ಕುಬಿತ್ಸಾ ಹಾಗೆ ಒತ್ತಿದ್ದು ಸಾವಿರದ ನಾನೂರ ಹನ್ನೆರಡು ಸಲ. ಕಣ್ಣು ಕಂಡು, ತಲೆ ಒಪ್ಪಿ, ಬೆರಳು ಎಚ್ಚರವಾಗುವಷ್ಟರಲ್ಲಿ ಎಂಥವನಿಗೂ ಸೆಕೆಂಡಿನ ಮೂರನೇ ಒಂದು ಪಾಲು ತಡವಾಗುತ್ತದೆ. ಜಗತ್ತಿನ ವೀಕ್ಷಕರೆಲ್ಲ ಅದನ್ನು ಒಪ್ಪಿಕೊಂಡು ತಮ್ಮ ತಡವೆಷ್ಟೆಂದು ವರದಿಯ ಒಂದು ಕಾಲಮಿನಲ್ಲಿ ಬರೆಯುತ್ತಾರೆ. ಕುಬಿತ್ಸಾನ ವರದಿಗಳಲ್ಲಿ ಆ ಕಾಲಮಿನಲ್ಲಿ ಸೊನ್ನೆ ಇತ್ತು. "ಉಳಿದೋರ ಕೈಯೆಲ್ಲ ಬೆಂದ ಆಲೂಗಡ್ಡೆ. ಬೆರಳು ಅಂದ್ರೆ ಇದು ನೋಡಿ" ಎಂದು ಅವನು ಶಾಲೆಯ ಮಕ್ಕಳ ಮುಂದೆ, ಮಹಿಳಾ ಮಂಡಳಿಯ ಮುಂದೆ, ಒಮ್ಮೆ ಅಂತ್ಯಸಂಸ್ಕಾರವೊಂದರಲ್ಲೂ ಹೆಬ್ಬೆರಳೆತ್ತಿ ತೋರಿಸಿದ್ದಾನೆ.

ಆ ಸೊನ್ನೆಯನ್ನು ಹುಟ್ಟಿಸಿದವಳು ಎತೆಲಾ. ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಅವನ ಮೊದಲ ವರದಿಗಳು ರಾಜಧಾನಿಯಿಂದ "ವೀಕ್ಷಕ ನಿಧಾನ" ಎಂಬ ಷರಾ ಹೊತ್ತು ವಾಪಸು ಬಂದಿದ್ದವು. ಕುಬಿತ್ಸಾ ಮೂರು ದಿನ ಕೆಲಸಕ್ಕೇ ಬರಲಿಲ್ಲ, ನಾಲ್ಕನೆಯ ದಿನ ರಾಜೀನಾಮೆ ಬರೆದುಕೊಂಡು ಬಂದ. ಅವನು ಹೋದರೆ ಆ ಕೊರೆಯುವ ಚಳಿಯಲ್ಲಿ ಕಣ್ಣಿಟ್ಟು ನಿಲ್ಲುವವರು ಊರಲ್ಲಿ ಬೇರೆ ಯಾರೂ ಇರಲಿಲ್ಲ. ಎತೆಲಾ ಲೆಕ್ಕ ಹಾಕಿ ನೋಡಿದಳು. ಎಲ್ಲ ವರದಿಗಳ ಸರಾಸರಿ ತೆಗೆದರೆ ಅವನ ತಡ 0.38 ಸೆಕೆಂಡು. ವರದಿ ತಯಾರಿಸುವ ಪ್ರೋಗ್ರಾಮಿನಲ್ಲಿ ಸದ್ದಿಲ್ಲದೆ ಒಂದು ಸಾಲು ಸೇರಿಸಿ, ಅವನು ಕೊಟ್ಟ ಹೊತ್ತಿನಿಂದ ಅಷ್ಟನ್ನು ಕಳೆದುಬಿಟ್ಟಳು. ತಡದ ಕಾಲಮಿನಲ್ಲಿ ಸೊನ್ನೆ ಬರೆದಳು. ಮುಂದಿನ ಸಲ ಬಂದದ್ದು ಶಹಭಾಸ್‌ಗಿರಿ. ಯಂತ್ರವೆಂದರೆ ಮಾರುದೂರ ನಿಲ್ಲುವ ಕುಬಿತ್ಸಾ ದಶಾಂಶಗಳನ್ನು ತಿರುಗಿಯೂ ನೋಡಲಿಲ್ಲ.

ಇದು ಹೀಗೇ ಮಣ್ಣಾಗಿ ಹೋಗುತ್ತಿತ್ತು. ಆದರೆ ಎತೆಲಾಗೆ ಸುಮ್ಮನಿರಲು ಬರಬೇಕಲ್ಲ. ಪಿಂಚಣಿಯ ಬಿಡುವಿನಲ್ಲಿ ಲೈಬ್ರರಿಯನ್ನು ಸುಧಾರಿಸಲು ಕೂತಳು. ಭೂಮಿಯ ಅಕ್ಷದ ಸಣ್ಣ ತೂಗಾಟಗಳನ್ನು ಹೊಸ ಸೂತ್ರದಲ್ಲಿ ಬರೆದಳು. ಚಂದ್ರನ ಅಂಚಿನ ಬೆಟ್ಟ ಕಣಿವೆಗಳನ್ನು ಉಪಗ್ರಹ ಅಳೆದ ನಕ್ಷೆಯಿಂದ ಹೆಕ್ಕಿ ತುಂಬಿದಳು. ಮೊದಲು ಅರ್ಧ ಸೆಕೆಂಡು ಅತ್ತಿತ್ತ ಹೊಯ್ದಾಡುತ್ತಿದ್ದ ಲೆಕ್ಕ ಈಗ ಸೆಕೆಂಡಿನ ನೂರನೇ ಭಾಗಕ್ಕೆ ಬಂದು ಕೂತಿತು. ಹಿಗ್ಗಿನಿಂದ ಅವಳು ಅದನ್ನು ಎಲ್ಲರಿಗೂ ತೆರೆದಿಟ್ಟಳು. ಹಳೆಯ ವೀಕ್ಷಣೆಗಳ ಸಂಗ್ರಹ ನೋಡಿಕೊಳ್ಳುವ ಕ್ರಾಕೋವ್‌ನ ಯಾಗೋಡಾ ಎಂಬ ಹುಡುಗಿ ಕುಬಿತ್ಸಾನ ಅಷ್ಟೂ ಹೊತ್ತುಗಳನ್ನು ಹೊಸ ಲೈಬ್ರರಿಯಲ್ಲಿ ಹಾಯಿಸಿದಳು. ಚಂದ್ರನ ಲೆಕ್ಕ ಒರಟಾಗಿದ್ದಾಗ ಅದರ ಮರೆಯಲ್ಲಿ ಅಡಗಿದ್ದದ್ದು ಈಗ ಬೆತ್ತಲೆ ನಿಂತಿತು: ಅವನ ಹೊತ್ತುಗಳು ಲೆಕ್ಕಕ್ಕೆ ಸರಿಯಾಗಿ ಕೂಡುತ್ತಿದ್ದವು, ಬೆರಳಿನ ತಡದ ಸುಳಿವೇ ಇಲ್ಲ.

ಯಾಗೋಡಾಳ ಪತ್ರ ಸಭ್ಯವಾಗಿತ್ತು, ಅದೇ ಎದೆಗೆ ನಾಟಿದ್ದು. ತಡವೇ ಇಲ್ಲದ ಮನುಷ್ಯ ಇರಲಾರ. ಇವರು ಆಕಾಶ ನೋಡಿಯೇ ಇಲ್ಲ, ಬೆಚ್ಚಗೆ ಮನೆಯಲ್ಲಿ ಕೂತು ಪಂಚಾಂಗ ನೋಡಿ ಬರೆದಿದ್ದಾರೆ ಎಂದು ಸಂಗ್ರಹದ ಸಮಿತಿಗೆ ಅನುಮಾನ. ತಿಂಗಳ ಕೊನೆಯೊಳಗೆ ವೀಕ್ಷಕರ ಸಹಿಯಿರುವ ವಿವರಣೆ ಬಾರದಿದ್ದರೆ ಸಾವಿರದ ನಾನೂರ ಹನ್ನೆರಡನ್ನೂ ಸಂಗ್ರಹದಿಂದ ತೆಗೆದುಹಾಕುತ್ತಾರೆ. ಎತೆಲಾ ಪತ್ರವನ್ನು ಎರಡು ಸಲ ಓದಿ, ತನಗೆ ತಾನೇ ಕೇಳಿಸುವಂತೆ ಬೈದುಕೊಂಡಳು. ನಿಜ ಹೇಳಿದರೆ ಮುದುಕನ ಹೆಮ್ಮೆ ಹೋಗುತ್ತದೆ, ಹೇಳದಿದ್ದರೆ ಅವನ ಆಯಸ್ಸಿನ ಕೆಲಸವೇ ಹೋಗುತ್ತದೆ.

ಅಕ್ಟೋಬರ್ ಇಪ್ಪತ್ತು ವೆಂಡೆಲೀನ್ ಎಂಬ ಹೆಸರಿನವರ ನಾಮದಿನ, ಆ ಕಡೆ ಅದು ಹುಟ್ಟುಹಬ್ಬದಷ್ಟೇ ಜೋರು. ಮಧ್ಯಾಹ್ನ ವೀಕ್ಷಣಾಲಯದ ಗುಮ್ಮಟದ ಕೆಳಗಿನ ಅಡುಗೆಕೋಣೆಯಲ್ಲಿ ಕುಬಿತ್ಸಾ, ಪಾದ್ರಿ, ಔಷಧಿ ಅಂಗಡಿಯ ಹೆಂಗಸು, ಎತೆಲಾ, ಎಲ್ಲರೂ ಬೂಟು ಬಾಗಿಲಲ್ಲಿ ಬಿಟ್ಟು ಒಳಚಪ್ಪಲಿ ಮೆಟ್ಟಿ ಮೇಜಿನ ಸುತ್ತ ಕೂತಿದ್ದರು. ಪ್ಲಮ್ ಸಾರಾಯಿ ಎರಡು ಸುತ್ತು ಬಂದಿತ್ತು. ಕುಬಿತ್ಸಾ ಹೆಬ್ಬೆರಳೆತ್ತುವ ಹೊತ್ತಿಗೆ ಎತೆಲಾಗೆ ತಡೆಯಲಾಗಲಿಲ್ಲ.

"ಕುಬಿತ್ಸಾ ಅವ್ರೇ, ಗ್ಲಾಸು ಕೆಳಗಿಡಿ. ಒಂದು ವಿಷಯ ಹೇಳ್ಬೇಕು."

"ಹೇಳು. ಗ್ಲಾಸು ನಿನಗೇನು ಮಾಡಿದೆ?"

"ನಿಮ್ಮ ಬೆರಳು ತಡ. ಎಂಬತ್ತಾರರಿಂದ ನೀವು ಕೊಟ್ಟ ಒಂದೊಂದು ಹೊತ್ತಿನಿಂದ್ಲೂ 0.38 ಕಳೀತಾ ಬಂದಿದೀನಿ. ಸೊನ್ನೆ ಅಂತ ಬರೆದೋಳು ನಾನು."

"ಯಾರ ಬೆರಳು?"

"ನಿಮ್ದೇ. ಈಗ ಎತ್ಕೊಂಡಿದೀರಲ್ಲ, ಅದೇ."

ಕುಬಿತ್ಸಾ ಬೆರಳಿಳಿಸಿದ. ಪಾದ್ರಿ ಸಮಾಧಾನಕ್ಕೆ ಬಂದರು. "ದೇವರಿಗೇ ಜಗತ್ತು ಮಾಡೋಕೆ ಆರು ದಿನ ಹಿಡೀತು. ನಿಮಗೆ ಅರ್ಧ ಸೆಕೆಂಡ್ ಹಿಡಿದ್ರೆ ಏನಂತೆ ಬಿಡಿ."

"ದೇವರು ಸ್ಟಾಪ್‌ವಾಚ್ ಹಿಡಿದಿರ್ಲಿಲ್ಲ ಫಾದರ್," ಎಂದ ಕುಬಿತ್ಸಾ. ಆಮೇಲೆ ಎತೆಲಾ ಕಡೆ ತಿರುಗಿ, "ಪರೀಕ್ಷೆ ಮಾಡು. ಈಗ್ಲೇ. ಎಲ್ರ ಎದುರಿಗೇ" ಎಂದ.

ಎತೆಲಾ ಲ್ಯಾಪ್‌ಟಾಪಿನ ಪರದೆಯಲ್ಲಿ ಒಂದು ಬಿಳಿ ಚುಕ್ಕಿ ಮೂಡಿಸಿದಳು. ಅದು ಆರಿದಾಗ ಗುಂಡಿ ಒತ್ತಬೇಕು, ಇಪ್ಪತ್ತು ಸಲ. ಕುಬಿತ್ಸಾ ಉಸಿರು ಬಿಗಿಹಿಡಿದು ಒತ್ತಿದ. ಸರಾಸರಿ 0.52 ಬಂತು.

"ಯಂತ್ರ ಕುಡಿದಿದೆ."

"ಕುಡಿದಿರೋದು ನೀವು. ಯಂತ್ರ ಇನ್ನೂ ಕಾಫಿನೂ ಕುಡಿದಿಲ್ಲ."

ಎಲ್ಲರೂ ಒತ್ತಬೇಕೆಂದು ಅವನು ಹಟ ಹಿಡಿದ. ಪಾದ್ರಿಗೆ 0.60 ಬಂತು, ಔಷಧಿಯವಳಿಗೆ 0.44. ಎತೆಲಾ ಒತ್ತಿದಾಗ 0.31. ಕುಬಿತ್ಸಾ ಆ ಸಂಖ್ಯೆಯನ್ನು ನೋಡಿದ, ಎದ್ದ, ಕೋಟು ಹಾಕಿಕೊಂಡು ಹೊರಟೇಬಿಟ್ಟ. ಬೂಟು ಬಾಗಿಲಲ್ಲೇ ಉಳಿಯಿತು. ಒಳಚಪ್ಪಲಿಯಲ್ಲೇ ಕೆಸರಿನ ಗುಡ್ಡ ಇಳಿದುಹೋದ ಮನುಷ್ಯನನ್ನು ಆ ಊರು ಅದೇ ಮೊದಲು ನೋಡಿದ್ದು. ಸಂಜೆಯೊಳಗೆ ಎಲ್ಲರಿಗೂ ಗೊತ್ತಾಯಿತು.

ಹತ್ತು ದಿನ ಅವನು ಬಾಗಿಲು ತೆಗೆಯಲಿಲ್ಲ, ಫೋನೂ ಎತ್ತಲಿಲ್ಲ. ತಿಂಗಳ ಕೊನೆಯ ದಿನ ಬೆಳಗ್ಗೆ ಎತೆಲಾ ಒಂದು ಕೈಯಲ್ಲಿ ಅವನ ಬೂಟು, ಇನ್ನೊಂದರಲ್ಲಿ ವಿವರಣೆಯ ಹಾಳೆ ಹಿಡಿದು ಬಾಗಿಲು ಬಡಿದಳು. ಬಡಿಯುತ್ತಲೇ ಇದ್ದಳು. ಪಕ್ಕದ ಮನೆಯ ನಾಯಿ ಬೊಗಳಿ ಸುಸ್ತಾದ ಮೇಲೆ ಬಾಗಿಲು ತೆರೆಯಿತು.

"ಸಹಿ ಹಾಕಿ. ಇವತ್ತೇ ಕೊನೆ ದಿನ. ನಿಮ್ಮ ಸೊನ್ನೆ ನಂಬೋಕಾಗಲ್ಲ ಅಂತ ಕ್ರಾಕೋವ್‌ನೋರು ಬರೆದಿದಾರೆ, ಸಹಿ ಇಲ್ದಿದ್ರೆ ಸಾವಿರದ ನಾನೂರ ಹನ್ನೆರಡನ್ನೂ ಸಂಗ್ರಹದಿಂದ ತೆಗೆದುಹಾಕ್ತಾರೆ."

"ತೆಗೀಲಿ. ಮಂದ ಅಂತ ನನ್ನ ಕೈಯಾರೆ ಬರೆದುಕೊಡ್ಲಾ? ಸುಳ್ಳುಗಾರ ಅಂದ್ರೂ ತಡ್ಕೋತೀನಿ, ಮಂದ ಅನ್ನಿಸ್ಕೊಳ್ಳಲ್ಲ."

ಎತೆಲಾಗೆ ಪಿತ್ತ ನೆತ್ತಿಗೇರಿತು. ಪತ್ರದಲ್ಲಿದ್ದ ಒಂದು ಮಾತನ್ನು, ಮುದುಕ ನೊಂದುಕೊಳ್ಳುತ್ತಾನೆಂದು, ಅವಳು ಇಲ್ಲಿಯವರೆಗೆ ಹೇಳಿರಲಿಲ್ಲ. ಈಗ ಹೇಳಿದಳು.

"ಎಂಬತ್ತೇಳರ ಜನವರೀಲಿ ಚಳಿ ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗಿತ್ತು. ನಿಮ್ಮ ರೆಪ್ಪೆ ದೂರದರ್ಶಕದ ಗಾಜಿಗೆ ಹೆಪ್ಪುಗಟ್ಟಿ ಅಂಟ್ಕೊಂಡಿತ್ತು, ಕಿತ್ತಾಗ ರಕ್ತ ಬಂತು. ಒರೆಸಿದೋಳು ನಾನು. ಆ ಮನುಷ್ಯ ಗುಡ್ಡಾನೇ ಹತ್ತಿಲ್ಲ, ಮನೇಲಿ ಒಲೆ ಮುಂದೆ ಕೂತು ಬರೆದಿದಾನೆ ಅಂತಿದಾರೆ ರೀ ಅವರು. ನನ್ನ ಒಂದು ಸೊನ್ನೆಯಿಂದ ಹಾಗಾಯ್ತು. ನನಗೆ ಅದನ್ನ ತಡ್ಕೊಳ್ಳೋಕೆ ಆಗ್ತಿಲ್ಲ."

ಕುಬಿತ್ಸಾ ಬಾಗಿಲನ್ನು ಪೂರಾ ತೆರೆದ.

"ನಾನು ಅಲ್ಲಿ ಇರ್ಲೇ ಇಲ್ಲ ಅಂತಾರಾ?"

"ಹೂಂ. ಹಾಗೇ ಅಂತಾರೆ."

ಅವನು ಹಾಳೆ ಕಿತ್ತುಕೊಂಡು ಅಡುಗೆಮನೆಯ ಮೇಜಿಗೆ ಹೋದ. ಕನ್ನಡಕ ಹುಡುಕಿದ, ಸಿಗಲಿಲ್ಲ, ಎತೆಲಾಳದ್ದೇ ತೆಗೆದು ಹಾಕಿಕೊಂಡ. ತಡದ ಕಾಲಮಿನಲ್ಲಿ ದೊಡ್ಡ ಅಂಕಿಗಳಲ್ಲಿ 0.38 ಎಂದು ಬರೆದ. ಸಹಿ ಮಾಡಿದ.

"ಕತ್ತೆಗಳು. ತಡ ಆಗ್ಬೇಕಾದ್ರೂ ಮೊದ್ಲು ಅಲ್ಲಿರ್ಬೇಕಲ್ಲ," ಎಂದ.

ಕೆಳಗೆ ಷರಾ ಎಂದು ಖಾಲಿ ಬಿಟ್ಟ ಜಾಗವಿತ್ತು. ಅಲ್ಲಿ ಪೆನ್ನು ಒತ್ತಿ ಒತ್ತಿ ಬರೆದ: "ಇದ್ದೆ. ತಡವಾಗಿ ಒತ್ತಿದೆ."

ಎತೆಲಾ ಅಳುತ್ತಿದ್ದಳು. ಅಳುತ್ತಲೇ ತನ್ನ ಕನ್ನಡಕ ವಾಪಸು ಕೇಳಿದಳು. ಗುಡ್ಡ ಹತ್ತಿ ಹಾಳೆಯನ್ನು ಕ್ರಾಕೋವ್‌ಗೆ ಕಳಿಸಿದ ಮೇಲೆ, ಪ್ರೋಗ್ರಾಮಿನಲ್ಲಿ ಮೂವತ್ತೆಂಟು ವರ್ಷ ವಿವರಣೆಯಿಲ್ಲದೆ ಕೂತಿದ್ದ ಆ ಸಾಲಿನ ಪಕ್ಕ ಅದೇ ಎರಡು ವಾಕ್ಯ ಬರೆದು, ಕೆಳಗೆ ವೆಂಡೆಲೀನ್ ಕುಬಿತ್ಸಾ ಎಂದು ಹೆಸರು ಹಾಕಿದಳು.