ಫ್ಲ್ಯಾಶ್ ಇಲ್ಲದೆ ತೆಗೆದ ಫೋಟೋ

ಅವರ ಎಡಗಣ್ಣಿನ ಸುತ್ತ ಇದ್ದಷ್ಟು ಸುಕ್ಕು ಬಲಗಣ್ಣಿನ ಸುತ್ತ ಇರಲಿಲ್ಲ. ವರ್ಷಗಟ್ಟಲೆ ಕ್ಯಾಮೆರಾಕ್ಕೆ ಬಲಗಣ್ಣು ಕೊಟ್ಟು, ಎಡಗಣ್ಣನ್ನು ಬಿಗಿಯಾಗಿ ಮುಚ್ಚಿ ಮುಚ್ಚಿ, ಮುಖದ ಆ ಅರ್ಧಕ್ಕೇ ಮೊದಲು ವಯಸ್ಸಾಗಿತ್ತು. ಬೈಲಹೊಂಗಲದ ಬಜಾರದಲ್ಲಿ, ಅರಿವೆ ಅಂಗಡಿಯೊಂದರ ಮೇಲೆ ಅವರ ಫೋಟೋ ಸ್ಟುಡಿಯೋ. ನನಗೆ ಅವರು ಅಣ್ಣಾರು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದುದರಿಂದ, ಈ ಕಡೆ ಟೀಚರನ್ನು ಕರೆಯುವಂತೆ, ಅವರಿಗೆ ನಾನು ಅಕ್ಕಾರು.

ಬೆಳಗಾವಿಯ ಕಾನ್ವೆಂಟ್‌ನಲ್ಲಿ ಓದಿ, ಮದುವೆಯಾಗಿ ಈ ಊರಿಗೆ ಬಂದ ನನಗೆ ಮೊದಮೊದಲು ಅವರು ಸ್ವಲ್ಪ ರೂಡ್ ಅನಿಸಿದ್ದುಂಟು. ನಾವು ‘ಸ್ಮೈಲ್ ಪ್ಲೀಸ್’ ಕೇಳಿ ಬೆಳೆದವರು. ಇವರೋ, ಯಾರೇ ಎದುರಿಗೆ ಕುಳಿತರೂ “ನಗಬ್ಯಾಡ್ರಿ” ಎಂದು ಗದರಿಸುತ್ತಿದ್ದರು. ಒಮ್ಮೆ ಕೇಳಿಯೇಬಿಟ್ಟೆ. “ನಗ್ರಿ ಅಂದ್ರ ಜನಾ ಬರೇ ಹಲ್ಲ ತೋರಸ್ತಾರ್ರಿ ಅಕ್ಕಾರ. ನಗಬ್ಯಾಡ್ರಿ ಅಂದು ನೋಡ್ರಿ, ಖರೇ ನಗಿ ಬರತೈತಿ” ಎಂದರು. ಹೇಳುವಾಗಲೂ ಅವರು ನಗಲಿಲ್ಲ. ನಾನು ನಕ್ಕೆ.

ರೀಲಿನ ಕಾಲ ಮುಗಿದಾಗ ಅವರೂ ಒಂದು ಡಿಜಿಟಲ್ ಕ್ಯಾಮೆರಾ ಕೊಂಡರು. ಅದರ ಸೆನ್ಸರ್, ಅಂದರೆ ಒಳಗೆ ಬೆಳಕು ಹಿಡಿಯುವ ಚೂರು, ಹಳೆಯ ರೀಲಿನ ಚೌಕಕ್ಕಿಂತ ಚಿಕ್ಕದು. ಕ್ರಾಪ್ ಸೆನ್ಸರ್ ಎನ್ನುತ್ತಾರೆ. ಬೆಳಗಾವಿಯಲ್ಲಿದ್ದ ಅವರ ಗೆಳೆಯರೊಬ್ಬರು ರೀಲಿನಷ್ಟೇ ದೊಡ್ಡ ಸೆನ್ಸರ್ ಇರುವ ಫುಲ್ ಫ್ರೇಮ್ ತಂದಿದ್ದರು. ಆ ಮಾತು ಬಂದರೆ ಸಾಕು, ಅಣ್ಣಾರಿಗೆ ಸಿಟ್ಟು. “ಸೆನ್ಸರ್ ದೊಡ್ಡದಾದ್ರ ಆತೇನ್ರಿ? ನನ್ನ ಕ್ಯಾಮೆರಾಕ್ಕ ಏನಾಗೇತಿ?” ಎನ್ನುತ್ತಿದ್ದರು.

ನಾನು ಅವರಿಗೆ ಋಣಿಯಾದದ್ದು ನಮ್ಮ ಅತ್ತೆಯವರ ಫೋಟೋದಿಂದ. ಮನೆಯ ಆಲ್ಬಮ್‌ಗಳ ತುಂಬ ಅತ್ತೆಯವರಿದ್ದಾರೆ; ಎಲ್ಲದರಲ್ಲೂ ಕಣ್ಣು ಮುಚ್ಚಿಕೊಂಡೇ ಇದ್ದಾರೆ. ಫ್ಲ್ಯಾಶ್ ಹೊಡೆಯುತ್ತದೆಂದು ಗೊತ್ತಾದರೆ ಅದಕ್ಕೂ ಮೊದಲೇ ಅವರ ಕಣ್ಣು ಮುಚ್ಚುತ್ತಿತ್ತು. ಎಂಬತ್ತು ದಾಟಿದ ಮೇಲೆ ಕಣ್ಣಿನ ಬೇನೆಯಾಗಿ ಅಂಗಳದ ಬಿಸಿಲನ್ನೂ ತಾಳದಾದರು. ದಿನವೆಲ್ಲ ನಡುಮನೆಯ ಬೆಳಕಿಂಡಿಯ ಕೆಳಗೆ ಕುಳಿತಿರುತ್ತಿದ್ದರು. ಹಾಗೆ ಕುಳಿತೇ ಒಂದು ದಿನ ನನ್ನನ್ನು ಕರೆದರು.

“ನಾ ಹೋದ ಮ್ಯಾಲ ಗ್ವಾಡಿಗೆ ಯಾವ ಫೋಟೋ ಹಾಕ್ತಿ?”

“ಈಗ್ಯಾಕ್ರಿ ಅತ್ತಿ ಆ ಮಾತು?”

“ಕಣ್ಣ ಮುಚ್ಚಿದ್ದ ಹಾಕಬ್ಯಾಡ ನೋಡವಾ. ಸತ್ತಾಕಿ ಅಂತ ಎಲ್ಲಾರಿಗೂ ಗೊತ್ತ ಇರತೈತಿ. ಮತ್ತ ಮತ್ತ ತೋರಸೂದ್ಯಾಕ?”

ನಾನು ಸ್ಟುಡಿಯೋ ಮೆಟ್ಟಿಲು ಹತ್ತಿದೆ. ಅಣ್ಣಾರು ಮರುದಿನವೇ ಮನೆಗೆ ಬಂದರು. ಫ್ಲ್ಯಾಶ್ ಬೇಡವೆಂದರೆ ಐಎಸ್‌ಓ ಎಂಬ ಅಂಕಿಯನ್ನು ಏರಿಸಬೇಕಂತೆ; ಆಗ ಮಬ್ಬಿನಲ್ಲೂ ಕ್ಯಾಮೆರಾ ಕಾಣುತ್ತದೆ. ಬಹಳ ಏರಿಸಿದರು. ಅತ್ತೆಯವರ ಕಣ್ಣು ತೆರೆದೇ ಬಂತು. ಆದರೆ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ ಮುಖದ ತುಂಬ ರವೆ ಚೆಲ್ಲಿದಂತೆ ಬಣ್ಣಬಣ್ಣದ ಕಾಳು. “ಇದಕ್ಕ ನಾಯ್ಸ್ ಅಂತಾರ್ರಿ. ತಗದ ಹಾಕ್ತೇನಿ” ಎಂದರು. ಅದಕ್ಕೆಂದೇ ಇದ್ದ ಪ್ರೋಗ್ರಾಮಿನಲ್ಲಿ ಒರೆಸಿ, ನುಣ್ಣಗೆ ಮಾಡಿ, ದೊಡ್ಡ ಪ್ರಿಂಟ್ ಹಾಕಿ ತಂದುಕೊಟ್ಟರು. ನನಗಂತೂ ಬ್ಯೂಟಿಫುಲ್ ಅನಿಸಿತು.

ಅತ್ತೆಯವರು ಅದನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. “ಚೆಲುವಿ ಅದಾಳ. ಯಾರಿಕಿ?”

“ನೀವ ಅಲ್ಲೇನ್ರಿ ಆಯಿ!” ಎಂದರು ಅಣ್ಣಾರು.

“ನನ್ನ ಹಚ್ಚಿ ಎಲ್ಲಿ?”

ನಮ್ಮಿಬ್ಬರಿಗೂ ಆಗಲೇ ಹೊಳೆದದ್ದು. ಅತ್ತೆಯವರ ಗದ್ದದ ಮೇಲೆ ಮೂರು ಹಸಿರು ಹಚ್ಚೆಚುಕ್ಕಿಗಳಿದ್ದವು. ನಾಯ್ಸ್ ಒರೆಸುವಾಗ ಕಂಪ್ಯೂಟರು ಅವನ್ನೂ ಕಾಳೆಂದೇ ತಿಳಿದು ಒರೆಸಿಹಾಕಿತ್ತು. ಮೂವತ್ತು ವರ್ಷ ಜೊತೆಗಿದ್ದ ಸೊಸೆ ನಾನು, ನನಗೂ ಕಂಡಿರಲಿಲ್ಲ! ಈಗಲೂ ನೆನೆದರೆ ಅಶೇಮ್ಡ್ ಅನಿಸುತ್ತದೆ.

“ಬಂಗಾರ ಇಲ್ಲೇ ಬಿಚ್ಚಿಕೋತಾರ, ಹಚ್ಚಿ ಒಂದ ಸಂಗಾಟ ಬರೂದು. ಅದೂ ಇಲ್ಲಂದ್ರ ಅಲ್ಲಿ ಮ್ಯಾಲ ನಮ್ಮವ್ವ ನನ್ನ ಹೆಂಗ ಗುರುತ ಹಿಡಿಬೇಕೋ ತಮ್ಮಾ?” ಅತ್ತೆಯವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅಣ್ಣಾರು ತಲೆ ತಗ್ಗಿಸಿದರು. ಪ್ರಿಂಟನ್ನು ಸುತ್ತಿಕೊಂಡು ಹೊರಟುಹೋದರು.

ವಾರ ಕಳೆದು ಬಂದಾಗ ಹೆಗಲಿಗೆ ಎರಡು ಬ್ಯಾಗು. ಬೆಳಗಾವಿಯ ಬಸ್ಸು ಹತ್ತಿ, ಅದೇ ಗೆಳೆಯರ ಫುಲ್ ಫ್ರೇಮ್ ಕೇಳಿ ತಂದಿದ್ದರು. ಕೇಳುವುದು ಅವರಿಗೆ ಎಷ್ಟು ಕಷ್ಟವಾಗಿರಬೇಕು! ಆದರೂ ಸುಮ್ಮನೆ ಒಪ್ಪುವ ಮನುಷ್ಯರಲ್ಲ. ಅತ್ತೆಯವರ ಜಾಗದಲ್ಲಿ ಮೊದಲು ನನ್ನನ್ನು ಕೂರಿಸಿ, ಎರಡರಲ್ಲೂ ಅದೇ ಐಎಸ್‌ಓ ಇಟ್ಟು ತೆಗೆದರು. ಚಿಕ್ಕ ಸೆನ್ಸರಿನಲ್ಲಿ ಮುಖ ಹತ್ತಿರ ಬಂದಂತೆ ಕಾಣುತ್ತದಂತೆ; ತಮ್ಮದರಲ್ಲಿ ತೆಗೆಯುವಾಗ ಎರಡು ಹೆಜ್ಜೆ ಹಿಂದೆ ಸರಿದರು. “ಎರಡರಾಗೂ ಮಾರಿ ಒಂದ ಅಳತಿ ಬರಬೇಕ್ರಿ. ಇಲ್ಲಂದ್ರ ಕಂಪೇರ್ ಮಾಡೂದು ನ್ಯಾಯ ಆಗಂಗಿಲ್ಲ.” ನನ್ನ ಮಗನ ಕಂಪ್ಯೂಟರಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು, ನನ್ನ ಗದ್ದವನ್ನು ತೆರೆಯ ತುಂಬ ಹಿಗ್ಗಿಸಿದರು. ಅವರದರಲ್ಲಿ ರವೆ. ಇನ್ನೊಂದರಲ್ಲಿ ಚಿರೋಟಿ ರವೆಯಷ್ಟೇ ಸಣ್ಣ ಕಾಳು, ನನ್ನ ಒಂದು ಹಳೆಯ ಗಾಯದ ಗೆರೆಯೂ ಸ್ಪಷ್ಟ. ಮೇಲೆ ಬೆಳಕಿಂಡಿಯತ್ತ ನೋಡಿದರು. “ಕಿಂಡಿ ದೊಡ್ಡದಿದ್ದ ಮನ್ಯಾಗ ಬೆಳಕ ಹೆಚ್ಚ ಬೀಳತೈತಿ. ಅಷ್ಟ ಮಾತು. ಸೋತ್ನಿರಿ ಅಕ್ಕಾರ.”

ಆಮೇಲೆ ಅತ್ತೆಯವರ ಎದುರು ಕೆಳಗೇ ಕುಳಿತು ಕೇಳಿದರು: “ಆಯಿ, ಹಚ್ಚಿ ಎಲ್ಲಿ ಹಾಕಿಸಿದ್ರಿ?”

“ಮನೋಳ್ಯಾಗ, ನಮ್ಮ ತವರ್‌ಮನ್ಯಾಗ. ಅವ್ವ ನನ್ನ ತಲಿ ತೊಡಿ ಮ್ಯಾಲ ಇಟಗೊಂಡು ಬಾಯಾಗ ಬೆಲ್ಲ ತುರುಕಿದ್ಲು. ಚೀರಬಾರದಂತ.”

“ಚೀರಲಿಲ್ಲೇನ್ರಿ?”

“ಚೀರಲಿಲ್ಲೋ. ಅವ್ವನ ಬೆರಳ ಕಡದೆ!”

ಆ ಮಾತಿಗೆ ಅತ್ತೆಯವರ ಕಣ್ಣು ಅರಳಿತು. ಅಣ್ಣಾರ ಎಡಗಣ್ಣು ಮುಚ್ಚಿತು. ಅದೇ ಫೋಟೋ. ಅದರಲ್ಲಿ ಉಳಿದ ಕಾಳನ್ನು ಅವರು ಮುಟ್ಟಲಿಲ್ಲ. ಅತ್ತೆಯವರು ಪ್ರಿಂಟಿನ ಮೇಲೆ ಬೆರಳಿಟ್ಟು ಒಂದು, ಎರಡು, ಮೂರು ಎಂದು ಎಣಿಸಿಕೊಂಡು ನನ್ನ ಕೈಗೆ ಕೊಟ್ಟರು.

ಅಣ್ಣಾರೂ ಈಗಿಲ್ಲ, ಕಿಡ್ನಿ ತೊಂದರೆಯಿಂದ ಹೋದರು. ಅವರನ್ನು ನೆನೆದಾಗ ನನಗೆ ಕಾಣುವುದು ಅತ್ತೆಯವರು ತೀರಿಕೊಂಡ ದಿನ. ನಮ್ಮಲ್ಲಿ ಹೋದವರನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ ಹೂ ಮುಡಿಸಿ, ಮನೆಮಂದಿಯೆಲ್ಲ ಸುತ್ತ ನಿಂತು ಒಂದು ಫೋಟೋ ತೆಗೆಸುವುದುಂಟು. ಯಾರೋ ಹೇಳಿಕಳಿಸಿದ್ದರು, ಅಣ್ಣಾರು ಕ್ಯಾಮೆರಾ ಹಿಡಿದು ಬಂದರು. ನಾನು ಅತ್ತು ಸುಸ್ತಾಗಿದ್ದೆ. ಬೇಡವೆನ್ನುವ ಧೈರ್ಯವೂ ಇರಲಿಲ್ಲ. ಮನೆಯ ಹಿರಿಯರು “ಬರ್ರಿ, ಲಗೂ ತಗೀರಿ” ಎಂದು ಜಾಗ ಬಿಡಿಸಿದರು.

ಅಣ್ಣಾರು ಹೊಸ್ತಿಲಲ್ಲೇ ನಿಂತು ಅತ್ತೆಯವರ ಮುಚ್ಚಿದ ಕಣ್ಣುಗಳನ್ನು ನೋಡಿದರು. ಕ್ಯಾಮೆರಾವನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದರು.

“ಆಯಿ ಫೋಟೋ ನಾ ಆಗಲೇ ತಗದೇನ್ರಿ” ಎಂದು, ಚಪ್ಪಲಿ ಬಿಟ್ಟು ಒಳಗೆ ಬಂದು, ನಮ್ಮ ಮನೆಮಂದಿಯ ಸಾಲಿನಲ್ಲಿ ಕುಳಿತುಕೊಂಡರು.