ನುಂಗಿದ ಎರಡಕ್ಷರ

ಮಕ್ಕಳೇ, ಇಂಗ್ಲಿಷಿನ ಕೆಲವು ಅಕ್ಷರಗಳು ಮದುವೆಮನೆಗೆ ಬಂದು, ಪಂಕ್ತಿಯಲ್ಲಿ ಕೂತು, ತುತ್ತನ್ನೂ ಮುಟ್ಟದೆ ಎದ್ದುಹೋಗುವ ನೆಂಟರ ಹಾಗೆ. ಬರೆಯುವಾಗ ಅವುಗಳಿಗೆ ಎಲೆ ಹಾಕಲೇಬೇಕು, ಓದುವಾಗ ಸದ್ದೇ ಇಲ್ಲ. ಹಳ್ಳಿಶಾಲೆಯಲ್ಲಿ ಏಳನೆಯವರೆಗೆ ಕಲಿತ ನನಗೆ ಈ ಸಂಗತಿ ಗೊತ್ತಾದದ್ದು ಮೊನ್ನೆ ಮೊನ್ನೆ, ನಿಮ್ಮಲ್ಲಿ ಕಿರಿಯಳಾದ ಶ್ರಾವ್ಯಳಿಂದ.

ಶಾಲೆಯಿಂದ ಬಂದವಳೇ ಚೀಲ ಎಸೆದಳು. “ಅಮ್ಮಮ್ಮ, ನಾನ್ ನಾಳೆ ಶಾಲಿಗ್ ಹೋತಿಲ್ಲೆ. ಎಲ್ಲ ನೆಗಾಡಿರ್.”

ಮರುದಿನ ಅವಳು ವೇದಿಕೆಯಲ್ಲಿ ನಿಂತು ಅಪರೂಪದ ಒಂದು ಇಂಗ್ಲಿಷ್ ಪದವನ್ನು ಉಚ್ಚರಿಸಿ, ಅರ್ಥ ಹೇಳಬೇಕಿತ್ತು. ಐ, ಎಸ್, ಟಿ, ಎಚ್, ಎಂ, ಯು, ಎಸ್. ಅಭ್ಯಾಸದ ಹೊತ್ತಿನಲ್ಲಿ, ಇದ್ದ ಅಕ್ಷರಗಳಿಗೆಲ್ಲ ನ್ಯಾಯ ಸಲ್ಲಿಸಿ ‘ಇಸ್ತ್‌ಮಸ್’ ಎಂದಳಂತೆ. ಮೊಬೈಲನ್ನು ಕೇಳಿದರೆ ಅದು ಟಿ, ಎಚ್ ಎರಡನ್ನೂ ನುಂಗಿ ತಣ್ಣಗೆ ‘ಇಸ್ಮಸ್’ ಎಂದಿತು. ಕ್ರಿಸ್‌ಮಸ್ಸಿನ ತಂಗಿ ಇರಬೇಕು ಅಂದುಕೊಂಡೆ.

ನಗು ಬಂದರೂ ಒಳಗೆ ಹೆದರಿಕೆ. ನಾಲ್ಕನೆಯ ತರಗತಿಯಲ್ಲಿ ಪದ್ಯ ತಪ್ಪಿದಾಗ ಎದ್ದ ನಗುವಿಗೆ ಮುಚ್ಚಿಕೊಂಡ ನನ್ನ ಬಾಯಿ ಇಂದಿಗೂ ಪೂರ್ತಿ ತೆರೆದಿಲ್ಲ. ನಿಮ್ಮ ಅಜ್ಜ ಇದ್ದಷ್ಟು ದಿನ ನನ್ನ ಪಾಲಿನ ಮಾತನ್ನೂ ಅವರೇ ಆಡಿ ಮುಗಿಸುತ್ತಿದ್ದರು. ಅವರು ಹೋದ ಮೇಲೆ ಬ್ಯಾಂಕಿನ ಕಿಟಕಿಯೆದುರು ನನ್ನ ಹೆಸರು ಹೇಳಲೂ ಬೆವರುತ್ತೇನೆ. ಈ ಹುಡುಗಿಗೆ ಆ ಗತಿ ಬರಬಾರದು.

“ಹೇಳುಕಿಲ್ದೆ ಇದ್ರೆ ಬರೆಯೂದ್ ಎಂತಕೆ?” ಎಂದು ಮೂಗೊರೆಸಿಕೊಂಡಳು.

“ನೀ ಬರೆಯೂದ್ ‘ಬರುತ್ತೇನೆ’, ಹೇಳುದ್ ‘ಬತ್ತೆ’. ನಾವೂ ಅಕ್ಷರ ನುಂಗುದಿಲ್ಯಾ? ಇಂಗ್ಲಿಷಿನವ್ರ್ ಎರಡ್ ನುಂಗಿರೆ ನಿಂಗೆಂತ?”

ಅರ್ಥ ಕೇಳಿದೆ. ಪುಸ್ತಕ ನೋಡಿ ಹೇಳಿದಳು: ಎರಡು ಪಕ್ಕದಲ್ಲೂ ನೀರಿದ್ದು, ಆಚೆಯ ನೆಲವನ್ನೂ ಈಚೆಯ ನೆಲವನ್ನೂ ಕೂಡಿಸುವ ಸಪೂರ ನೆಲ.

ನಾನು ಅವಳ ಕೈಹಿಡಿದು ರಸ್ತೆಗೆ ಬಂದೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ, ನಡುವೆ ಸೀರೆಯಂಚಿನಷ್ಟು ನಮ್ಮ ಮರವಂತೆ. ಮದುವೆಯಾಗಿ ಬಂದ ಮೇಲೆ ನಲವತ್ತು ವರ್ಷ ಈ ನೆಲದ ಮೇಲೆ ನಡೆದಿದ್ದೇನೆ; ಮಳೆಗಾಲಕ್ಕೊಮ್ಮೆ ಕಡಲು ಇದನ್ನು ಕಚ್ಚುವುದನ್ನೂ ಕಂಡಿದ್ದೇನೆ. ಆದರೆ ಇಂಥ ನೆಲಕ್ಕೊಂದು ಪದ ಬೇಕೆಂದು ನನಗೆ ತೋಚಿರಲೇ ಇಲ್ಲ. ನಮ್ಮನ್ನು ಕಾಣದ ಯಾರೋ, ಯಾವುದೋ ದೂರದ ಎರಡು ನೀರುಗಳ ನಡುವೆ ನಿಂತು, ನಮಗೂ ಒಪ್ಪುವ ಹೆಸರಿಟ್ಟಿದ್ದರು.

“ಅಮ್ಮಮ್ಮ, ನೀ ಮೊದ್ಲ್ ಹೇಳ್ ಕಾಂಬ.”

ಯಾರಾದರೂ ಕೇಳಿಯಾರೇ ಎಂದು ರಸ್ತೆಯ ಆಚೀಚೆ ನೋಡಿದೆ. ಆದರೂ ಕಡಲಿನತ್ತ ತಿರುಗಿ ಕೂಗಿಯೇ ಹೇಳಿದೆ: “ಇಸ್ಮಸ್!”

ದಡದಲ್ಲಿ ಕೂತು ಬಲೆ ಸರಿಮಾಡುತ್ತಿದ್ದ ನೆರೆಮನೆಯ ಶೀನ ತಲೆಯೆತ್ತಿದ. “ಹ್ವಾಯ್ ಅಕ್ಕ, ಅದೆಂತ ಮೀನ್? ನಮ್ ಬಲಿಗ್ ಒಂದಿನವೂ ಬಿದ್ದದ್ದಿಲ್ಲೆ!”

ನಾನು ನಾಚಿ ಸೆರಗು ಎಳೆದುಕೊಳ್ಳುವಷ್ಟರಲ್ಲಿ, ಹಿಂದೆ ಹಾಯುತ್ತಿದ್ದ ಲಾರಿಯ ಸದ್ದನ್ನೂ ಮೀರಿ ಶ್ರಾವ್ಯಳ ಸ್ವರ ಎದ್ದಿತು.

“ಮೀನಲ್ಲ ಮಾವ! ಇಸ್ಮಸ್ ಅಂದ್ರೆ ನೀವ್ ಕೂಕಂಡ ಜಾಗ!”