ಗುಲಾಬಿಯ ಬುಡದ ಗಂಟು

ದಾಂಡೇಲಿ ಪಕ್ಕದ ಅಂಬೇವಾಡಿಯ ನಮ್ಮ ಮನೆಯ ಹಿತ್ತಿಲಲ್ಲಿ ನಾನು ಗುಲಾಬಿ ಸಸಿ ಮಾಡಿ ಮಾರುತ್ತಿದ್ದೆ. ಗಂಡ ಮಿಲ್ಲಿನ ಪಾಳಿಗೆ ಹೋದ ಮೇಲೆ ಮಣೆ ಹಾಕಿಕೊಂಡು ಕೂತರೆ, ಕಾಡುಗುಲಾಬಿಯ ಕಾಂಡದ ತೊಗಟೆ ಸೀಳಿ ಒಳ್ಳೆಯ ಜಾತಿಯ ಗುಲಾಬಿಯ ಚಿಗುರುಗಣ್ಣು ಕೂರಿಸಿ ಕಸಿ ಕಟ್ಟುವುದೇ ಕೆಲಸ. ನನ್ನ ಕೈಗುಣ ಚೆನ್ನಾಗಿದೆ ಎಂದು ಜನ ಹೇಳುತ್ತಿದ್ದರು. ನನಗೂ ಹಾಗೇ ಅನಿಸಿತ್ತು.

ಆ ವರ್ಷ ಹೊರಗಿನಿಂದ ತರಿಸಿದ ಕಾಡುಗುಲಾಬಿ ಗಿಡವೊಂದರ ಬುಡದಲ್ಲಿ ಹುಣಸೆಬೀಜದಷ್ಟು ಗಂಟು ಕಂಡಿತು. ಮೆತ್ತಗೆ, ಹೂಕೋಸಿನಂತೆ ಒರಟೊರಟಾಗಿತ್ತು. ಕೈಯಲ್ಲಿದ್ದ ಕಸಿ ಚಾಕುವಿನಿಂದಲೇ ಅದನ್ನು ಕೆರೆದು ಬಿಸಾಡಿದೆ. ಚಾಕುವನ್ನು ಸೆರಗಿಗೆ ಒರೆಸಿ ಮುಂದಿನ ಗಿಡ ಎತ್ತಿಕೊಂಡೆ. ಅವತ್ತು ಸಂಜೆಯವರೆಗೆ ಅದೇ ಚಾಕು.

ಆ ಸಸಿಗಳು ಚಿಗುರಿದ ಮೇಲೆ ಜೋಯಿಡಾದಾಚೆಯ ಕುಂಬಾರವಾಡ ಊರಿನಿಂದ ಒಬ್ಬ ಹೆಂಗಸು ಬಂದಳು. ನನಗಿಂತ ಚಿಕ್ಕವಳು, ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ತಡೆತಡೆದು ಕನ್ನಡ. ದಾಂಡೇಲಿಯ ಹೂವಿನ ಅಂಗಡಿಯವರು ಗುಲಾಬಿ ಬೆಳೆದರೆ ತಾವೇ ಕೊಳ್ಳುತ್ತೇವೆ ಅಂದಿದ್ದರಂತೆ. ಅರವತ್ತು ಸಸಿ ಆರಿಸಿ ಇಟ್ಟುಕೊಂಡು, ಅತ್ತಿಗೆಯನ್ನು ಕರೆಯುವಂತೆ ನನ್ನನ್ನು ವೈನಿ ಎಂದು ಕರೆದು ಕೇಳಿದಳು:

"ವೈನಿ, ರೋಗ ಗೀಗ ಏನಿಲ್ಲಲ್ರಿ?"

ಆ ಗಂಟು ನನಗೆ ನೆನಪಾಯಿತು. ಆದರೂ ಅಂದೆ, "ಏನಿಲ್ಲ, ಧೈರ್ಯಾಗಿ ತಗೊಂಡ್ಹೋಗವಾ."

ಮಳೆಗಾಲ ಕಳೆದ ಮೇಲೆ ಅವಳು ಒಂದು ಗಿಡವನ್ನು ಬೇರುಸಮೇತ ಚೀಲದಲ್ಲಿ ತಂದಳು. ಬುಡದಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು. ಎಲೆ ಸಣ್ಣವು, ಮೊಗ್ಗು ಬಿಟ್ಟಿರಲಿಲ್ಲ. "ನೀರು ಹೆಚ್ಚಾಗಿರಬೇಕು" ಎಂದುಬಿಟ್ಟೆ. ಅವಳು ನಂಬಿ ಹೋದಳು. ಅವಳು ಹೋದ ಮೇಲೆ ನಮ್ಮ ಹಿತ್ತಿಲಲ್ಲಿ ಉಳಿದಿದ್ದ ಗಿಡಗಳ ಬುಡದ ಮಣ್ಣು ಸರಿಸಿದೆ. ಅಲ್ಲೊಂದು, ಇಲ್ಲೊಂದು ಗಂಟು.

ಮರುದಿನ ಅವಳು ಬಿಟ್ಟುಹೋದ ಗಿಡವನ್ನೇ ಹಿಡಿದು ಧಾರವಾಡದ ಬಸ್ಸು ಹತ್ತಿದೆ. ಅಲ್ಲಿ ಗಿಡಗಳ ರೋಗದ ಪಾಠ ಹೇಳುವ ಮೇಷ್ಟ್ರೊಬ್ಬರು ನನ್ನ ಅಣ್ಣನಿಗೆ ಪರಿಚಯ. ಗಂಟನ್ನು ಅಡ್ಡಡ್ಡ ಕೊಯ್ದು ನೋಡಿದರು.

"ಇದು ಬ್ಯಾಕ್ಟೀರಿಯಾದ ಕೆಲಸಾರೀ. ಮಣ್ಣಾಗ ಇರತೈತಿ. ಗಿಡಕ್ಕ ಗಾಯ ಆದಲ್ಲಿ ಬಂದು ಕೂಡತೈತಿ. ಆಮ್ಯಾಲೆ ತನ್ನ ಡಿಎನ್‌ಎದ ಒಂದು ತುಂಡು ಗಿಡದ ಜೀವಕೋಶದಾಗ ತುರಕತೈತಿ. ಅದರ ಜೋಡಿ ಒಂದಷ್ಟು ಪ್ರೋಟೀನೂ ಕಳಸತೈತಿ, ಆ ತುಂಡು ಹಾಳಾಗದಂಗ ಕಾಯ್ದು ಒಳಗ ಮುಟ್ಟಸಾಕ."

"ಆಮ್ಯಾಲೆ ಏನಾಗತೈತ್ರಿ?"

"ಗಿಡ ಅದನ್ನ ತನ್ನದ ಅಂತ ತಿಳಕೊಂಡು ಓದತೈತಿ. ಅದರಾಗ ಬೆಳೀ ಅಂತ ಬರದಿರತೈತಿ, ಬೆಳೀತೈತಿ. ಬ್ಯಾಕ್ಟೀರಿಯಾಕ್ಕ ಬೇಕಾದ ಊಟಾನೂ ಗಿಡಾನ ತಯಾರ ಮಾಡಿಕೊಡತೈತಿ."

"ಔಷಧ ಹೊಡದ್ರ ಹೋಗೂದಿಲ್ಲೇನ್ರಿ?"

"ಬ್ಯಾಕ್ಟೀರಿಯಾ ಸಾಯಬಹುದು. ಗಂಟು ಬೆಳೆಯೂದು ನಿಲ್ಲೂದಿಲ್ಲ. ಈಗ ಅದನ್ನ ಬೆಳಸೂದು ಗಿಡಾನ ಆಗೇತಿ." ಗಿಡ ಕೆಳಗಿಟ್ಟು ಕೇಳಿದರು, "ಕಸಿ ಕಟ್ಟೂ ಚಾಕು ಹೆಂಗ ತೊಳೀತೀರಿ?"

ನಾನು ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅವರಿಗೆ ತಿಳಿಯಿತು ಅಂತ ಕಾಣುತ್ತದೆ, ಮತ್ತೆ ಕೇಳಲಿಲ್ಲ. ಹಳಿಯಾಳ ದಾಟುವವರೆಗೂ ಬಸ್ಸಿನಲ್ಲಿ ಮಡಿಲೊಳಗಿನ ನನ್ನ ಕೈ ನೋಡುತ್ತ ಕೂತಿದ್ದೆ. ಪ್ರತಿ ಗಿಡಕ್ಕೂ ಗಾಯ ಮಾಡಿದವಳು ನಾನು, ಆ ಗಾಯಕ್ಕೆ ರೋಗ ಹಚ್ಚಿದವಳೂ ನಾನೇ.

ಎರಡು ದಿನ ಬಿಟ್ಟು ಜೋಯಿಡಾ ದಾಟಿ ಹೋಗುವ ಬಸ್ಸಿಗೆ ಕುಂಬಾರವಾಡಕ್ಕೆ ಹೋದೆ. ಅವಳು ಗುಲಾಬಿ ಸಾಲಿನಲ್ಲಿ ಕಳೆ ಕೀಳುತ್ತಿದ್ದಳು. ಚಹಾ ಮಾಡುತ್ತೇನೆಂದು ಎದ್ದವಳನ್ನು ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಗಂಟು ಮೊದಲೇ ಕಂಡಿದ್ದು, ಚಾಕು ಸೆರಗಿಗೆ ಒರೆಸಿದ್ದು, ನೀರಿನ ಸುಳ್ಳು, ಗಿಡ ಕಿತ್ತು ಸುಡಬೇಕು ಎನ್ನುವುದು.

ಅವಳು ಕೈಯಲ್ಲಿದ್ದ ಕಳೆಯನ್ನು ಬದುವಿಗೆ ಎಸೆದಳು. ಆಮೇಲೆ ಅಂದಳು, "ನಾ ಅವತ್ತ ಕೇಳಿದ್ನಲ್ಲ, ವೈನಿ."

"ಕೇಳಿದ್ದಿ."

ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಗುದ್ದಲಿ ತಂದಳು. ಇಬ್ಬರೂ ಮಧ್ಯಾಹ್ನದವರೆಗೆ ಗಿಡ ಕಿತ್ತೆವು. ಗಂಟಿಲ್ಲದ ಹತ್ತು ಹನ್ನೆರಡು ಗಿಡ ಚೆನ್ನಾಗಿ ಬಂದಿದ್ದವು, ಒಂದರಲ್ಲಿ ಕೆಂಪು ಮೊಗ್ಗು ಒಡೆದಿತ್ತು.

"ಇವೂ ಕೀಳಬೇಕೇನ್ರಿ?"

"ಅದ ಚಾಕುನಾಗ ಕೊಯ್ದಿದ್ದು. ಇವತ್ತ ಕಾಣೂದಿಲ್ಲ, ನಾಳೆ ಬರತೈತಿ."

ಅವಳು ಆ ಮೊಗ್ಗಿನ ಗಿಡವೊಂದನ್ನು ಬಿಟ್ಟು ಉಳಿದವನ್ನು ಕಿತ್ತಳು. ಅದನ್ನೂ ಕೀಳು ಎನ್ನಲು ನನಗೆ ಬಾಯಿ ಬರಲಿಲ್ಲ. ಕಿತ್ತಿದ್ದನ್ನೆಲ್ಲ ಒಟ್ಟಿ ಸುಟ್ಟೆವು. ಹಸಿ ಕಾಂಡ ಬೇಗ ಹತ್ತಲಿಲ್ಲ; ಹೊಗೆ ಕಣ್ಣಿಗೆ ಬಡಿಯಿತು. ಆ ನೆಲಕ್ಕೆ ಸುಗಂಧರಾಜ ಹಾಕಬಹುದು, ಅದಕ್ಕೆ ಈ ರೋಗ ತಗಲುವುದಿಲ್ಲ ಎಂದು ಮೇಷ್ಟ್ರು ಹೇಳಿದ್ದರು. ಗೆಡ್ಡೆ ನಾನೇ ತಂದುಕೊಡುತ್ತೇನೆ ಅಂದೆ.

"ಬ್ಯಾಡ್ರಿ" ಅಂದಳು, "ಬ್ಯಾರೆ ಕಡೆ ತಗೋತೇನಿ."

ಈಗ ಅವಳ ಸುಗಂಧರಾಜ ದಾಂಡೇಲಿಯ ಅಂಗಡಿಗೆ ಬರುತ್ತದೆ. ಸಂತೆಯಲ್ಲಿ ಎದುರಾದರೆ ಮಾತಾಡುತ್ತಾಳೆ, ಮನೆಗೆ ಮಾತ್ರ ಬರುವುದಿಲ್ಲ. ನಾನು ಹಿತ್ತಿಲಿನದೆಲ್ಲವನ್ನೂ ಸುಟ್ಟು, ಒಂದೊಂದು ಗಿಡಕ್ಕೂ ಚಾಕುವನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹೊಸದಾಗಿ ಶುರು ಮಾಡಿದ್ದೇನೆ. ಅವತ್ತಿನ ಸಸಿ ಒಯ್ದವರಲ್ಲಿ ಪರಿಚಯದವರನ್ನೆಲ್ಲ ಹುಡುಕಿ ಹೇಳಿಬಂದೆ. ಮುಂಡಗೋಡದ ಕಡೆಯ ಗಂಡಹೆಂಡತಿ ಮಾತ್ರ ಸಿಕ್ಕಿಲ್ಲ. ಮಗಳ ಹೊಸ ಮನೆಯ ಅಂಗಳಕ್ಕೆಂದು ಆರು ಸಸಿ ಒಯ್ದಿದ್ದರು. ಹೆಸರು ಕೇಳಿರಲಿಲ್ಲ, ಊರನ್ನೂ ಸರಿಯಾಗಿ ಕೇಳಿರಲಿಲ್ಲ.